ಆರು ತಿಂಗಳಲ್ಲಿ ತಿರುಗಿಬಿದ್ದ ಊರು

1843ರ ಜುಲೈ 1ರಂದು ಮಂಗಳೂರಿನಲ್ಲಿ ಒಂದು ದುಡ್ಡು ಕೊಟ್ಟವರಿಗೆ ನಾಲ್ಕು ಪುಟಗಳ ಒಂದು ಹೊಸ ಕಾಗದ ಸಿಕ್ಕಿತು. ಅದರ ಹೆಸರು ‘ಮಂಗಳೂರ ಸಮಾಚಾರ’. ಕನ್ನಡದ ಮೊಟ್ಟಮೊದಲ ಪತ್ರಿಕೆ. ಹೊರಡಿಸಿದವರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. 1844ರ ಜನವರಿ 6ರಂದು ಅದೇ ಮಿಷನ್ನಿನ ಶಾಲೆಯಲ್ಲಿ ಓದಿದ್ದ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಊರು ಎದ್ದು ನಿಂತಿತು. ಮಕ್ಕಳನ್ನು ಮುಂದೆ ನಿಂತು ಸೇರಿಸಿದ್ದ ಮನೆಗಳೇ ಅವರನ್ನು ಶಾಲೆ ಬಿಡಿಸಿದವು. ಪಾದ್ರಿಗಳನ್ನು ಕಂಡರೆ ನಿಂತು ಮಾತಾಡುತ್ತಿದ್ದವರು ಮುಖ ತಿರುಗಿಸಿದರು. ಈ ಎರಡು ದಿನಗಳ ನಡುವೆ ಇದ್ದದ್ದು ಆರೇ ತಿಂಗಳು.

ಜುಲೈ 1 ನಮಗೆಲ್ಲ ಗೊತ್ತು. ಕರ್ನಾಟಕದಲ್ಲಿ ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ, ಮೋಗ್ಲಿಂಗರ ಹೆಸರು ಹೇಳಿ ಭಾಷಣ ಮಾಡುತ್ತೇವೆ. ಜನವರಿ 6 ಯಾರ ನೆನಪಿನಲ್ಲೂ ಇಲ್ಲ. ಆ ಎರಡನೆಯ ದಿನವನ್ನು ಬಿಟ್ಟು ಮೊದಲನೆಯದನ್ನಷ್ಟೇ ಕೊಂಡಾಡಿದರೆ ಮೋಗ್ಲಿಂಗರಿಗೂ ಮಂಗಳೂರಿಗೂ ಅನ್ಯಾಯ ಮಾಡಿದಂತೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮಂಗಳೂರಿಗೆ ಪಾದ್ರಿಗಳು ಹೊಸಬರಲ್ಲ. ಪೋರ್ಚುಗೀಸರ ಕಾಲದಿಂದ ಅಲ್ಲಿ ಇಗರ್ಜಿಗಳಿದ್ದವು, ಕೊಂಕಣಿ ಮಾತಾಡುವ ಕೆಥೋಲಿಕರ ದೊಡ್ಡ ಸಮುದಾಯವಿತ್ತು. ಮೆಚ್ಚುಗೆ ಮುನಿಸಾಗಿ ಮಗುಚುವುದನ್ನು ಆ ಸಮುದಾಯ ತನ್ನ ಮೈಮೇಲೇ ಕಂಡಿತ್ತು. ಹೈದರಾಲಿಯ ಕಾಲದಲ್ಲಿ ಅವರಿಗೆ ದರ್ಬಾರಿನ ಒಲವಿತ್ತು. 1784ರಲ್ಲಿ, ಇಂಗ್ಲಿಷರೊಂದಿಗಿನ ಯುದ್ಧ ಮುಗಿಯುತ್ತಿದ್ದ ಹೊತ್ತಿಗೆ, ಟಿಪ್ಪು ಅವರು ವೈರಿಯ ಕಡೆಯವರೆಂದು ಬಗೆದು ಸಾವಿರಾರು ಮಂದಿಯನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳು ನೆಲಸಮವಾದವು. ಬದುಕಿ ಉಳಿದವರು 1799ರ ನಂತರ ಮರಳಿ ಬಂದರು. 1830ರ ದಶಕದ ಮಂಗಳೂರಿನಲ್ಲಿ ಆ ಸೆರೆಯನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಇದ್ದಿರಲೇಬೇಕು.

ಅಂಥ ಊರಿಗೆ 1834ರ ಅಕ್ಟೋಬರ್ 30ರಂದು ಮೂವರು ಬಂದಿಳಿದರು: ಸಾಮ್ಯುಯೆಲ್ ಹೆಬಿಕ್, ಕ್ರಿಸ್ಟೋಫ್ ಲೇನರ್, ಲಿಯೊನಾರ್ಡ್ ಗ್ರೈನರ್. ಇವರನ್ನು ಕಳಿಸಿದ ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಹುಟ್ಟಿದ ಸಂಸ್ಥೆ. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ತನ್ನ ಆಡಳಿತದ ನೆಲಕ್ಕೆ ಬ್ರಿಟಿಷರಲ್ಲದ ಮಿಷನರಿಗಳನ್ನು ಧಾರಾಳವಾಗಿ ಬಿಟ್ಟುಕೊಂಡದ್ದು 1833ರ ಸನ್ನದಿನಿಂದ. ಬಂದವರಲ್ಲಿ ಹೆಚ್ಚಿನವರು ವುರ್ಟೆಂಬೆರ್ಗ್ ಸೀಮೆಯ ಸಣ್ಣ ಊರುಗಳ ಮಕ್ಕಳು. ಅವರಿಗೆ ಕಂಪನಿಯ ದರ್ಪವಿರಲಿಲ್ಲ, ಅದರ ಸಂಬಳವೂ ಇರಲಿಲ್ಲ. ಬಂದವರೇ ಕನ್ನಡ ಕಲಿಯಲು ಕೂತರು, ಆಮೇಲೆ ತುಳು ಕಲಿತರು, ಮನೆಮನೆಯ ಜಗಲಿಗಳಲ್ಲಿ ಮಾತಿಗಿಳಿದರು. ಬಿಳಿಯನೊಬ್ಬ ನೆಲದ ಮೇಲೆ ಕೂತು ತಮ್ಮ ಮಾತಿನಲ್ಲೇ ತಮ್ಮ ಯೋಗಕ್ಷೇಮ ಕೇಳುವುದನ್ನು ಊರು ಅಲ್ಲಿಯವರೆಗೆ ಕಂಡಿರಲಿಲ್ಲ.

1836ರ ಕೊನೆಗೆ ಮೋಗ್ಲಿಂಗ್ ಬಂದರು. ಆಗ ಅವರಿಗೆ 25ರ ಪ್ರಾಯ, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದವರು. ಬೆನ್ನಿಗೇ 1837ರ ಏಪ್ರಿಲ್‌ನಲ್ಲಿ ಅಮರಸುಳ್ಯದ ಕಡೆಯಿಂದ ರೈತರ ದಂಡು ನುಗ್ಗಿ ಬಂದು ಮಂಗಳೂರನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ ಕಂಪನಿಯ ಪಡೆ ಅದನ್ನು ಅಡಗಿಸಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ಇಂದಿಗೂ ಕರೆಯುವುದು ಅದನ್ನೇ. ಆ ಬಂಡಾಯದ ನಂತರ ಪೇಟೆಯ ಮೇಲುಜಾತಿ ಮನೆಗಳಿಗೆ ಒಂದು ವಿಷಯ ಖಚಿತವಾಗಿತ್ತು. ಕಂಪನಿ ಹೋಗುವುದಿಲ್ಲ. ಕಚೇರಿಯಲ್ಲಿ ಶ್ಯಾನುಭೋಗಿಕೆ, ಶಿರಸ್ತೇದಾರಿಕೆ, ಕೋರ್ಟಿನಲ್ಲಿ ಮುನ್ಸೀಫಿ ಬೇಕೆಂದರೆ ಇನ್ನು ಇಂಗ್ಲಿಷ್ ಬೇಕು. 1844ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಓದಿದವರಿಗೇ ಆದ್ಯತೆ ಎಂದು ಠರಾವು ಹೊರಡಿಸಿದ. ಮನೆಯ ಯಜಮಾನರಿಗೆ ಗಾಳಿಯ ದಿಕ್ಕು ಅದಕ್ಕೂ ಮೊದಲೇ ತಿಳಿದಿತ್ತು.

ಮಿಷನ್ನಿನ ಇಂಗ್ಲಿಷ್ ಶಾಲೆಗೆ ಬ್ರಾಹ್ಮಣ ಹುಡುಗರು ಬಂದದ್ದು ಹೀಗೆ. ತಂದೆ ಚಿಕ್ಕಪ್ಪಂದಿರು ಬೈಬಲ್ ಪಾಠವೂ ಇರುತ್ತದೆಂದು ಗೊತ್ತಿದ್ದೇ ಕಳಿಸಿದರು. ಹುಡುಗ ಅದನ್ನು ಕಿವಿಯಲ್ಲಿ ಕೇಳಿ ಬಿಡುತ್ತಾನೆ, ಮನೆಗೆ ಬಂದು ಮಡಿಯುಟ್ಟು ಸಂಧ್ಯಾವಂದನೆ ಮಾಡುತ್ತಾನೆ ಎಂಬ ಭರವಸೆ. ಇದನ್ನು ಅರ್ಥ ಮಾಡಿಕೊಳ್ಳಲು ನಾವು ದೂರ ಹೋಗಬೇಕಿಲ್ಲ. ನಾನಿರುವ ಬೆಂಗಳೂರಿನ ಬಿಳೇಕಹಳ್ಳಿಯ ಸುತ್ತ, ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ, ಜಯನಗರ, ಜೆ.ಪಿ. ನಗರಗಳಲ್ಲಿ, ಎಲ್‌ಕೆಜಿ ಸೀಟಿಗಾಗಿ ಓಡಾಡುವ ತಂದೆತಾಯಂದಿರನ್ನು ಕೇಳಿ ನೋಡಿ. ‘ಕಾನ್ವೆಂಟ್ ಆದ್ರೆ ಒಳ್ಳೇದು, ಶಿಸ್ತು ಕಲಿಸ್ತಾರೆ’ ಎನ್ನುತ್ತಾರೆ. ಹಣೆಗೆ ವಿಭೂತಿಯೋ ನಾಮವೋ ಇಟ್ಟ ಮನೆಯವರೇ ಹಾಗೆನ್ನುವುದು. ಆ ಮಾತಿನಲ್ಲಿ ನಿಜವಾದ ಗೌರವವಿದೆ. ಅದಕ್ಕೊಂದು ಗೆರೆಯೂ ಇದೆ. ಆ ಗೆರೆಯನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಎರಡೂ ಕಡೆಯವರಿಗೆ ತಿಳಿದಿದೆ ಎಂದು ನಂಬಿರುತ್ತಾರೆ.

ಮೋಗ್ಲಿಂಗರು ಆ ಗೆರೆಯನ್ನು ಒಪ್ಪಿಕೊಂಡವರಲ್ಲ. ಮುಚ್ಚುಮರೆಯನ್ನೂ ಮಾಡಲಿಲ್ಲ. ಅವರು ಬಂದದ್ದೇ ಕ್ರಿಸ್ತನನ್ನು ಸಾರಲು, ಅದನ್ನು ಎಲ್ಲರಿಗೂ ಹೇಳಿಯೇ ಕೆಲಸ ಮಾಡುತ್ತಿದ್ದರು. ಆದರೂ ಜನ ಅವರನ್ನು ಮೆಚ್ಚಿದರು, ಏಕೆಂದರೆ ಅವರ ಕನ್ನಡ ಮೆಚ್ಚುವಂತಿತ್ತು. 1840ರಲ್ಲಿ ಕಲೆಕ್ಟರ್ ಬ್ಲೇರ್ ಬಲ್ಮಠದ ಜಾಗವನ್ನು ಮಿಷನ್ನಿಗೆ ಬಿಟ್ಟುಕೊಟ್ಟಿದ್ದ. ಮರುವರ್ಷ ಬೊಂಬಾಯಿಯಿಂದ ಕಲ್ಲಚ್ಚಿನ ಯಂತ್ರ ಬಂತು, ಜೊತೆಗೆ ಕೆಲಸ ಬಲ್ಲ ಮರಾಠಿ ಮುದ್ರಕರೂ ಬಂದರು.

ಕಲ್ಲಚ್ಚಿನ ಕೆಲಸ ತಾಳ್ಮೆಯದು. ಜಿಡ್ಡಿನ ಶಾಯಿಯಲ್ಲಿ ಇಡೀ ಪುಟವನ್ನು ಕೈಯಿಂದ ಬರೆಯಬೇಕು. ಆ ಬರಹವನ್ನು ನುಣುಪಾಗಿ ತಿಕ್ಕಿದ ಸುಣ್ಣಕಲ್ಲಿನ ಮೇಲೆ ಇಳಿಸಬೇಕು. ಕಲ್ಲಿಗೆ ನೀರು ಸವರಿ ಶಾಯಿಯ ಉರುಳೆ ಎಳೆದರೆ, ನೀರು ಹಿಡಿದ ಜಾಗದಲ್ಲಿ ಶಾಯಿ ನಿಲ್ಲುವುದಿಲ್ಲ, ಜಿಡ್ಡಿದ್ದಲ್ಲಿ ಮಾತ್ರ ಅಂಟುತ್ತದೆ. ಕಾಗದ ಹಾಸಿ ಒತ್ತಿದರೆ ಒಂದು ಪುಟ. ಮತ್ತೆ ನೀರು, ಮತ್ತೆ ಶಾಯಿ, ಮತ್ತೊಂದು ಪುಟ. ಹಾಗಾಗಿ ‘ಮಂಗಳೂರ ಸಮಾಚಾರ’ದ ಓದುಗನ ಕಣ್ಣಿಗೆ ಬೀಳುತ್ತಿದ್ದುದು ಮೊಳೆಯ ಅಕ್ಷರವಲ್ಲ, ಯಾರೋ ಒಬ್ಬ ಬರಹಗಾರನ ದುಂಡನೆಯ ಕೈಬರಹ. ತಾಳೆಗರಿ, ಕಡತಗಳನ್ನು ಓದಿ ಬೆಳೆದವರಿಗೆ ಅದು ಪರಕೀಯ ಅನ್ನಿಸಿರಲಾರದು. ಒಳಗೆ ಊರಿನ ಸುದ್ದಿ, ಕಂಪನಿ ಸರ್ಕಾರದ ಕಾಯಿದೆ ಕಟ್ಟಳೆ, ಬೇರೆ ದೇಶಗಳ ವರ್ತಮಾನ, ನೀತಿ, ಕತೆ. ಜೊತೆಗೆ ಪುರಂದರದಾಸರ ಪದಗಳು. ಪಾದ್ರಿಯ ಪತ್ರಿಕೆಯಲ್ಲಿ ದಾಸರ ಪದ! ಹದಿನೈದು ದಿನಕ್ಕೊಮ್ಮೆ ಬರುವ ಆ ಕಾಗದವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಲು, ಹತ್ತು ಜನ ಸುತ್ತ ಕೂತು ಕೇಳಲು ಇಷ್ಟು ಸಾಕಿತ್ತು.

ಶಾಲೆಯ ಹುಡುಗರಲ್ಲಿ ಆನಂದರಾವ್ ಕೌಂಡಿನ್ಯ ಎಂಬವನಿದ್ದ. 1825ರಲ್ಲಿ ಮಂಗಳೂರಿನ ಪ್ರತಿಷ್ಠಿತ ಚಿತ್ರಾಪುರ ಸಾರಸ್ವತ ಮನೆಯಲ್ಲಿ ಹುಟ್ಟಿದವನು. ಆ ಕಾಲದ ರೂಢಿಯಂತೆ ಚಿಕ್ಕಂದಿನಲ್ಲೇ ಮದುವೆಯಾಗಿತ್ತು. ಓದಿನಲ್ಲಿ ಚುರುಕು, ಮನಸ್ಸಿನಲ್ಲಿ ಪ್ರಶ್ನೆಗಳು. ಮನೆಯ ಪೂಜೆ ಪುನಸ್ಕಾರಗಳು ಅವನಿಗೆ ಸಾಲದಾದವು. ಮೋಗ್ಲಿಂಗರ ಜೊತೆ ವಾದಕ್ಕೆ ಕೂತ, ವಾದ ಸ್ನೇಹವಾಯಿತು, ಸ್ನೇಹ ನಂಬಿಕೆಯ ಕಡೆಗೆ ತಿರುಗಿತು. ಭಗವಂತರಾವ್, ಮುಕುಂದರಾವ್ ಎಂಬ ಇಬ್ಬರು ಜೊತೆಯವರೂ ಅದೇ ದಾರಿಗೆ ಬಂದರು.

ಇಂಥದ್ದು ಆದರೆ ಏನಾಗುತ್ತದೆಂದು ಮೋಗ್ಲಿಂಗರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಬೊಂಬಾಯಿಯಲ್ಲಿ 1839ರಲ್ಲಿ ಜಾನ್ ವಿಲ್ಸನ್ನರ ಶಾಲೆಯ ಧನಜೀಭಾಯಿ ನವರೋಜಿ ಎಂಬ ಪಾರ್ಸಿ ಹುಡುಗ ಕ್ರೈಸ್ತನಾದಾಗ ಪಾರ್ಸಿ ಸಮಾಜ ಕೋರ್ಟಿಗೆ ಹೋಯಿತು, ಶಾಲೆ ಒಂದೇ ಏಟಿಗೆ ಬರಿದಾಯಿತು. 1843ರಲ್ಲಿ, ಮಂಗಳೂರಿನ ಗದ್ದಲಕ್ಕೆ ಕೆಲವೇ ತಿಂಗಳ ಮೊದಲು, ಅದೇ ಬೊಂಬಾಯಿಯಲ್ಲಿ ನಾರಾಯಣ ಶೇಷಾದ್ರಿ ಎಂಬ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದ. ಅವನ ಎಳೆಯ ತಮ್ಮ ಶ್ರೀಪತಿ ಅಣ್ಣನ ಹಿಂದೆ ಮಿಷನ್ ಮನೆ ಸೇರಿದ. ಕೋರ್ಟು ಆ ಬಾಲಕನನ್ನು ತಂದೆಗೆ ಒಪ್ಪಿಸಿತು. ಅವನನ್ನು ಪ್ರಾಯಶ್ಚಿತ್ತ ಮಾಡಿಸಿ ಜಾತಿಯೊಳಗೆ ಮರಳಿ ಸೇರಿಸಬೇಕೆಂದು ಹೋರಾಡಿದವರು ಮರಾಠಿಯ ಮೊದಲ ಪತ್ರಿಕೆ ‘ದರ್ಪಣ’ವನ್ನು ನಡೆಸಿದ್ದ ಬಾಳಶಾಸ್ತ್ರಿ ಜಾಂಭೇಕರರು. ಅದಕ್ಕಾಗಿ ಅವರು ಸ್ವಜಾತಿಯ ಮಡಿವಂತರ ಸಿಟ್ಟನ್ನೇ ಎದುರಿಸಬೇಕಾಯಿತು. ಒಂದು ಕಡೆ ಕನ್ನಡದ ಮೊದಲ ಸಂಪಾದಕ, ಇನ್ನೊಂದು ಕಡೆ ಮರಾಠಿಯ ಮೊದಲ ಸಂಪಾದಕ. ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ ಇಬ್ಬರೂ ಯಾರದೋ ಮನೆಯ ಮಗನ ವಿಷಯಕ್ಕೆ ಬೈಗುಳ ತಿಂದರು.

ಜನವರಿ ಮೊದಲ ವಾರದ ಮಂಗಳೂರನ್ನು ಕಣ್ಣ ಮುಂದೆ ತಂದುಕೊಳ್ಳುವಾಗ ನಾನು ಬಲ್ಮಠದ ಗುಡ್ಡಕ್ಕಿಂತ ಆ ಹುಡುಗರ ಮನೆಗಳ ಅಡುಗೆಕೋಣೆಯ ಕಡೆಗೆ ನೋಡುತ್ತೇನೆ. ಪಾದ್ರಿಯ ಪಾಠ ಕೇಳಿದರೆ ಸ್ನಾನ ಮಾಡಿ ಒಳಗೆ ಬರಬಹುದು. ಪಾದ್ರಿಯ ಮನೆಯಲ್ಲಿ ಉಂಡರೆ ಒಳಗೆ ಬರುವ ಹಾಗಿಲ್ಲ. ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕುವಂತಿಲ್ಲ, ಬಾವಿಯ ನೀರು ಸೇದುವಂತಿಲ್ಲ, ಅವ್ವನ ಕೈಯ ತುತ್ತು ಇಲ್ಲ. ತಂದೆಯ ಶ್ರಾದ್ಧಕ್ಕೆ ಪಿಂಡ ಇಡುವ ಕೈ ಇನ್ನಿಲ್ಲ. ಜಾತಿಯಿಂದ ಹೊರಬಿದ್ದವನಿಗೆ ಬದುಕಿರುವಾಗಲೇ ಘಟಶ್ರಾದ್ಧ ಮಾಡಿ ಸತ್ತನೆಂದು ತೀರಿಸುವ ಪದ್ಧತಿ ಆ ಕಾಲದ ಬ್ರಾಹ್ಮಣ ಮನೆಗಳಲ್ಲಿತ್ತು. ಮನೆಯವರು ಅವನನ್ನು ಬಿಡಲಾರದೆ ಉಳಿಸಿಕೊಂಡರೆ ಇಡೀ ಮನೆಗೇ ಬಹಿಷ್ಕಾರ. ತಂಗಿಯರಿಗೆ ವರ ಸಿಗುವುದಿಲ್ಲ. ಇನ್ನು ಆನಂದರಾವನ ಹೆಂಡತಿ. ಇನ್ನೂ ಎಳೆಯ ಹೆಣ್ಣುಮಗಳು. ಗಂಡ ಪೇಟೆಯ ಆಚೆ ತುದಿಯಲ್ಲಿ ಬದುಕಿದ್ದಾನೆ, ಅವಳ ಪಾಲಿಗೆ ಇಲ್ಲ. ಕುಂಕುಮವಿದೆ, ಸಂಸಾರವಿಲ್ಲ. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ದೀಕ್ಷಾಸ್ನಾನ ನಡೆಯಿತು. ಆನಂದರಾವ್ ತನ್ನ ಗುರುವಿನ ಹೆಸರನ್ನೇ ತೆಗೆದುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. ಊರಲ್ಲಿ ‘ಕಿಲಸ್ತಾನ ಮಾಡಿದರು, ಕುಲ ಕೆಡಿಸಿದರು’ ಎಂಬ ಮಾತು ಎದ್ದಿತು. ಮಿಷನ್ನಿನ ಮುಂದೆ ಜನ ಸೇರಿದರು. ಇಂಗ್ಲಿಷ್ ಶಾಲೆಯ ಬ್ರಾಹ್ಮಣ ಹುಡುಗರು ಹೊರಟುಹೋದರು. ವರ್ಷಗಟ್ಟಲೆ ಕೂಡಿಹಾಕಿದ ವಿಶ್ವಾಸ ದಿನಗಳಲ್ಲಿ ಕರಗಿತು. ಫೆಬ್ರವರಿ ಮುಗಿಯುವಾಗ ‘ಮಂಗಳೂರ ಸಮಾಚಾರ’ವೂ ಮಂಗಳೂರು ಬಿಟ್ಟು, ಮಾರ್ಚ್‌ನಿಂದ ಬಳ್ಳಾರಿಯಲ್ಲಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬರತೊಡಗಿತು. ಇದನ್ನು ಗದ್ದಲದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿ ಅಚ್ಚುಮೊಳೆಯ ಮುದ್ರಣಾಲಯವಿತ್ತು, ಅಲ್ಲಿ ಬೇಗ, ಹೆಚ್ಚು ಪ್ರತಿ ತೆಗೆಯಬಹುದಿತ್ತು.

ಇಂಥ ತಿರುವುಗಳನ್ನು ಕಂಡಾಗ ಕ್ರೈಸ್ತ ಬೋಧಕರಿಗೆ ನೆನಪಾಗುವುದು ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯ. ಲುಸ್ತ್ರ ಎಂಬ ಊರಿನಲ್ಲಿ ಪೌಲ ಬಾರ್ನಬರು ಹುಟ್ಟುಕುಂಟನೊಬ್ಬನನ್ನು ನಡೆಯುವಂತೆ ಮಾಡುತ್ತಾರೆ. ಜನ ಅವರನ್ನು ದೇವರೆಂದು ಕರೆದು ಎತ್ತುಗಳನ್ನೂ ಹೂಮಾಲೆಗಳನ್ನೂ ತರುತ್ತಾರೆ. ಬೇರೆ ಊರಿನಿಂದ ಬಂದವರ ಮಾತು ಕೇಳಿ ಅದೇ ಜನ ಪೌಲನಿಗೆ ಕಲ್ಲೆಸೆದು, ಸತ್ತನೆಂದು ಊರಾಚೆಗೆ ಎಳೆದು ಹಾಕುತ್ತಾರೆ. ಯೆರೂಸಲೇಮಿನಲ್ಲಿ ಗರಿ ಹಿಡಿದು ಸ್ವಾಗತಿಸಿದ ಪಟ್ಟಣದಲ್ಲೇ ವಾರ ಕಳೆಯುವ ಮೊದಲು ಶಿಲುಬೆಗೇರಿಸೆಂಬ ಕೂಗು ಕೇಳಿಸಿತು ಎಂಬುದನ್ನೂ ಪ್ರಸಂಗಗಳಲ್ಲಿ ಸೇರಿಸುತ್ತಾರೆ. ಜನರ ಮನಸ್ಸು ಚಂಚಲ ಎಂಬ ಪಾಠ ಅಲ್ಲಿಂದ ಸುಲಭವಾಗಿ ಸಿಗುತ್ತದೆ.

ಮಂಗಳೂರಿನ ಮಟ್ಟಿಗೆ ಆ ಪಾಠವನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಜನರ ಮನಸ್ಸು ಬದಲಾಗಲೇ ಇಲ್ಲ. ಮಗ ಮುಂದೆ ಬರಲಿ ಎಂದು ಶಾಲೆಗೆ ಕಳಿಸಿದ್ದೂ, ಮಗ ತಮ್ಮವನಾಗಿ ಉಳಿಯಲಿ ಎಂದು ಶಾಲೆ ಬಿಡಿಸಿದ್ದೂ ಒಂದೇ ಅಕ್ಕರೆ. ಜುಲೈಯಲ್ಲಿ ಪಾದ್ರಿಯನ್ನು ಹೊಗಳಿದ್ದು ಅದೇ, ಜನವರಿಯಲ್ಲಿ ಶಪಿಸಿದ್ದೂ ಅದೇ. ಮಿಷನ್ನಿನವರಿಗೆ ಸಿಕ್ಕ ಮೆಚ್ಚುಗೆ ಸುಳ್ಳಲ್ಲ, ಆದರೆ ಅದು ಅವರ ಅಕ್ಷರಕ್ಕೆ, ಇಂಗ್ಲಿಷಿಗೆ, ದಾಸರ ಪದ ಅಚ್ಚು ಹಾಕಿದ ಕೈಗೆ ಸಂದದ್ದು. ಅವರ ದೇವರಿಗೆ ಸಂದದ್ದಲ್ಲ. ಈ ಎರಡನ್ನು ಮಿಷನ್ನಿನವರು ಒಂದೇ ಎಂದು ಎಣಿಸಿದರು. ಅಕ್ಷರ ಬೇರೆ, ದೇವರು ಬೇರೆ ಎಂದು ಮನೆಯವರು ಎಣಿಸಿದರು. ಇಬ್ಬರ ಎಣಿಕೆಯ ನಡುವೆ ಸಿಕ್ಕಿಬಿದ್ದವರು ಹತ್ತೊಂಬತ್ತು ಇಪ್ಪತ್ತರ ಹುಡುಗರು.

ಆ ಹುಡುಗರು ಯಾರ ಕೈಗೊಂಬೆಯೂ ಆಗಿರಲಿಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಮನೆ, ಹೆಂಡತಿ, ಆಸ್ತಿ, ಹೆಸರು ಎಲ್ಲವನ್ನೂ ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೇ ಕೌಂಡಿನ್ಯ ಹೆಜ್ಜೆ ಇಟ್ಟ. ಪಾದ್ರಿ ಮರುಳು ಮಾಡಿದ ಎನ್ನುವುದು ಅವನ ಬುದ್ಧಿಗೆ ಮಾಡುವ ಅವಮಾನ. ಪರಂಪರೆಯೆಲ್ಲ ಕತ್ತಲೆ, ಅದಕ್ಕೇ ಬಿಟ್ಟ ಎನ್ನುವುದು ಅವನ ತಾಯಿಗೆ ಮಾಡುವ ಅವಮಾನ. ನೂರ ಎಂಬತ್ತು ವರ್ಷಗಳಿಂದ ಎರಡೂ ಕಡೆಯವರು ಈ ಎರಡೇ ಮಾತುಗಳನ್ನು ಹೇಳುತ್ತ ಬಂದಿದ್ದಾರೆ.

ಜಾತಿ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗುತ್ತದೆ ಎಂಬ ಕಟ್ಟಳೆಯನ್ನು ಕಂಪನಿ ಸರ್ಕಾರ 1850ರ 21ನೆಯ ಕಾಯಿದೆಯಿಂದ ತೆಗೆದುಹಾಕಿತು. ಆದರೆ ಕಾಯಿದೆ ಗದ್ದೆಯ ಪಾಲು ಕೊಡಿಸಬಹುದು, ಕೆಲಸ ಕೊಡಿಸಲಾರದು. ಕ್ರೈಸ್ತನಾದ ಬಿಲ್ಲವ ಗೇಣಿದಾರನಿಗೆ ಒಡೆಯ ಗೇಣಿ ಬಿಡಿಸಿದರೆ ಹೊಟ್ಟೆಗೇನು? ಊರಿನ ಮುನಿಸು ಮಿಷನ್ನಿನ ಬಾಗಿಲಿಗೆ ಈ ಪ್ರಶ್ನೆಯನ್ನು ತಂದು ನಿಲ್ಲಿಸಿತು. ಪಾದ್ರಿಗಳು ನೇಕಾರಿಕೆ, ಪುಸ್ತಕ ಕಟ್ಟುವ ಕೆಲಸಗಳನ್ನು ಶುರುಮಾಡಿದ್ದು ಈ ಒತ್ತಡದಿಂದಲೇ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಂಡೆಯ ಜೇಡಿಮಣ್ಣಿನಿಂದ ಎದ್ದ ಆ ಕೆಂಪು ಹೆಂಚು ಮಂಗಳೂರು ಹೆಂಚೆಂದು ಹೆಸರಾಗಿ ಅರ್ಧ ದೇಶದ ಮಾಡುಗಳ ಮೇಲೆ ಕೂತಿತು. ಪಾದ್ರಿಗಳನ್ನು ಹೊಸ್ತಿಲು ದಾಟಲು ಬಿಡದಿದ್ದ ಮನೆಗಳೂ ಅದನ್ನೇ ಹೊದಿಸಿಕೊಂಡವು.

ಧಾರವಾಡದ ಕಡೆ ಇನ್ನೊಂದು ಬಗೆಯ ತಿರುವು ನಡೆದಿತ್ತು. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನವನ್ನು ನಂಬಿದ್ದ ಒಂದು ಪಂಗಡದವರು 1840ರ ಹೊತ್ತಿಗೆ ಮಿಷನರಿಗಳನ್ನು ತಾವೇ ಹುಡುಕಿಕೊಂಡು ಬಂದರು. ಪಡುವಣದಿಂದ ಗುರುಗಳು ಬರುವರೆಂದು ತಮ್ಮ ವಚನಗಳು ಹೇಳಿವೆ, ಅವರು ನೀವೇ ಇರಬೇಕು ಎಂದರು. ಪಾದ್ರಿಗಳ ಸಂತೋಷಕ್ಕೆ ಪಾರವಿರಲಿಲ್ಲ. ಅವರಿಗೆಂದೇ ಗದಗದ ಬಳಿ ಮಲಸಮುದ್ರದಲ್ಲಿ 1841ರಲ್ಲಿ ಜಮೀನು ಹಿಡಿದು ನೆಲೆ ಕಟ್ಟಿದರು. ಬಂದು ನೆಲೆಸಬೇಕಾದವರು ಬರಲಿಲ್ಲ. ಬೈಗುಳವಿಲ್ಲ, ಕಲ್ಲಿಲ್ಲ, ಸುಮ್ಮನೆ ದೂರವಾದರು. ತಾವು ಕಾಯುತ್ತಿದ್ದ ಗುರು ಇವರಲ್ಲ ಎಂದು ಅವರಿಗೆ ತಿಳಿದುಹೋಗಿತ್ತು.

ಕೊಡಗಿನಲ್ಲಿ ಮಾತ್ರ ಮಂಗಳೂರಿನ ಕತೆ ಮರುಕಳಿಸಿತು, ಅದರ ಕೇಂದ್ರದಲ್ಲಿ ಮತ್ತೆ ಮೋಗ್ಲಿಂಗರೇ ಇದ್ದರು. 1852ರಲ್ಲಿ, ಪದಚ್ಯುತ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಇಂಗ್ಲೆಂಡಿನಲ್ಲಿ ಕ್ರೈಸ್ತಳಾಗಿದ್ದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಿದ್ದಳು. ಅದೇ ವರ್ಷದ ಕೊನೆಗೆ ಅಲಮಂಡ ಸೋಮಯ್ಯ ಎಂಬ ಕೊಡವ ದೀಕ್ಷಾಸ್ನಾನ ಬೇಡಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಬಂದ. ಆರೋಗ್ಯ ಕೆಟ್ಟು ಊರಿಗೆ ಮರಳಲು ಯೋಚಿಸುತ್ತಿದ್ದ ಮೋಗ್ಲಿಂಗ್ ಯುರೋಪಿನ ಹಡಗು ಹತ್ತುವ ಬದಲು 1853ರಲ್ಲಿ ಅವನ ಹಿಂದೆ ಕೊಡಗಿನ ಗುಡ್ಡ ಹತ್ತಿದರು. ಸ್ತೆಫಾನನೆಂದು ಹೆಸರಾದ ಸೋಮಯ್ಯನನ್ನು ಒಕ್ಕ ಹೊರಗಿಟ್ಟಿತು. ಕೊಡವನಿಗೆ ಒಕ್ಕವೆಂದರೆ ಐನ್‌ಮನೆ, ಕಾರಣವ, ಜಮ್ಮಾ ಭೂಮಿ, ಹಿರಿಯರಿಗೆ ಇಡುವ ಮೀದಿ ಎಲ್ಲವೂ. ಅದರಿಂದ ಹೊರಬಿದ್ದರೆ ನಿಲ್ಲಲು ನೆಲವಿಲ್ಲ. ಅದೇ ಕೊಡವರು ಇಂಗ್ಲಿಷ್ ಶಾಲೆ ಬೇಕೆಂದು ಮುಂದೆ ಬಂದು ಕೇಳಿದರು. ಮಡಿಕೇರಿಯ ಶಾಲೆಯನ್ನು ಬಾಸೆಲ್ ಮಿಷನ್ನಿನ ಜಾರ್ಜ್ ರಿಕ್ಟರ್ ವರ್ಷಗಟ್ಟಲೆ ನಡೆಸಿದರು, ಮಕ್ಕಳು ತುಂಬಿ ಬಂದರು. ರಿಕ್ಟರರಿಗೆ ಸಿಕ್ಕ ಗೌರವ ದೊಡ್ಡದು. ಸೋಮಯ್ಯನ ಹಾದಿ ಹಿಡಿದ ಕೊಡವರು ಬೆರಳೆಣಿಕೆಯಷ್ಟು. ಮಂಗಳೂರಿಗಿಂತ ಇಲ್ಲಿ ಗೆರೆ ಸ್ಪಷ್ಟವಾಗಿತ್ತು, ಹಾಗಾಗಿ ಮುರಿತವೂ ಕಡಿಮೆ.

ಮುನಿಸು ಯಾವಾಗಲೂ ಹೊರಗಿನಿಂದಲೇ ಬರಲಿಲ್ಲ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಜನರ ಜೊತೆ ಜನರಂತೆ ಬದುಕಬೇಕೆಂದು, ಕಾಲ್ನಡಿಗೆಯಲ್ಲಿ ಹಳ್ಳಿ ಸುತ್ತುತ್ತ, ವಚನ ಪುರಾಣ ಓದುತ್ತ ಕೂತಾಗ ಅವರ ಜೊತೆಯ ಪಾದ್ರಿಗಳಿಗೇ ಅದು ಸೇರಲಿಲ್ಲ. ಮಿಷನ್ನಿನೊಳಗೆ ಅವರು ಬಹುಕಾಲ ಒಂಟಿಯಾಗಿದ್ದರು. ಮೋಗ್ಲಿಂಗ್ ಅವರ ಬೆನ್ನಿಗೆ ನಿಂತ ಕೆಲವರಲ್ಲಿ ಒಬ್ಬರು. ಇಂದು ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಕಿಟೆಲರ ಪ್ರತಿಮೆ ಇದೆ, ಆಸ್ಟಿನ್ ಟೌನಿಗೆ ಅವರ ಹೆಸರಿದೆ. 1894ರ ಅವರ ನಿಘಂಟನ್ನು ಕನ್ನಡಿಗರು ಯಾವ ಅಂಜಿಕೆಯೂ ಇಲ್ಲದೆ ತಮ್ಮದೆನ್ನುತ್ತಾರೆ. ನಿಘಂಟನ್ನು ಇಟ್ಟುಕೊಂಡು ಪಾದ್ರಿತನವನ್ನು ಬದಿಗಿಡುವ ಈ ಮೆಚ್ಚುಗೆಯೂ 1843ರ ಮಂಗಳೂರಿನ ಮೆಚ್ಚುಗೆಯದೇ ಜಾತಿ. ಅದು ಕೃತಘ್ನತೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಪಾದ್ರಿತನವನ್ನು ಬಿಟ್ಟರೆ ಕಿಟೆಲ್ ಕನ್ನಡಕ್ಕೆ ಬರುತ್ತಲೇ ಇರಲಿಲ್ಲ ಎಂಬುದನ್ನು ಮರೆಯುವುದು ಸಲ್ಲದು.

ಮರೆತಾಗ ಏನಾಗುತ್ತದೆಂದು ಮಂಗಳೂರೇ ತೋರಿಸಿದೆ. 2008ರ ಸೆಪ್ಟೆಂಬರ್ 14ರಂದು ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಪ್ರಾರ್ಥನಾಲಯಕ್ಕೆ ದಾಳಿಕೋರರು ನುಗ್ಗಿ ಒಡೆದು ಹಾಳುಮಾಡಿದರು. ಅದೇ ದಿನಗಳಲ್ಲಿ ಜಿಲ್ಲೆಯ, ರಾಜ್ಯದ ಬೇರೆ ಕಡೆಗಳಲ್ಲೂ ಪ್ರಾರ್ಥನಾಮಂದಿರಗಳ ಮೇಲೆ ದಾಳಿ ನಡೆಯಿತು. ಮತಾಂತರವೆಂಬ ಆರೋಪವನ್ನು ಮುಂದಿಟ್ಟುಕೊಂಡು, ಮತಾಂತರದ ಗೊಡವೆಗೇ ಹೋಗದ ಸಂನ್ಯಾಸಿನಿಯರ ಮಠದ ಮೇಲೆ ಎರಗಿದರು. 1844ರಲ್ಲಿ ಮಿಷನ್ನಿನ ಮುಂದೆ ನಿಂತವರಲ್ಲಿ ಮಗನನ್ನು ಕಳೆದುಕೊಂಡ ತಂದೆ ಇದ್ದಿರಬೇಕು. ಅವನ ನೋವು ನನಗೆ ಅರ್ಥವಾಗುತ್ತದೆ. ಮಠದ ಕಿಟಕಿ ಒಡೆದವರ ಮನೆಯಿಂದ ಯಾರೂ ಹೋಗಿರಲಿಲ್ಲ.

ಮೋಗ್ಲಿಂಗರ ಮೇಲಿನ ಸಿಟ್ಟು ಮಂಗಳೂರಿನಲ್ಲಿ ಮೆಲ್ಲನೆ ಇಳಿಯಿತು. ಶಾಲೆಗೆ ಹುಡುಗರು ಮರಳಿದರು. ಇಂಗ್ಲಿಷಿನ ಅಗತ್ಯ ಎಲ್ಲೂ ಹೋಗಿರಲಿಲ್ಲ, ಕಲಿಸುವವರು ಬೇರೆ ಯಾರೂ ಇರಲಿಲ್ಲ. 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಮೋಗ್ಲಿಂಗರು ನಿವೃತ್ತ ನ್ಯಾಯಾಧೀಶ ಕಾಸಾಮೇಜರರ ಹಣದ ನೆರವಿನಿಂದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಒಳಗೊಂಡ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯನ್ನು ಕಲ್ಲಚ್ಚಿನಲ್ಲಿ ತಂದರು. ಬೈದ ಮನೆಗಳ ದೇವರಕೋಣೆಯಲ್ಲಿ ಹಾಡುವ ಪದಗಳನ್ನೇ ಅಚ್ಚು ಹಾಕುತ್ತ ಕೂತ ಅವರ ಹಟ ನನಗೆ ಅವರ ಯಾವ ಪ್ರಸಂಗಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಇದೇ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಹೆಂಡತಿಯ ಕಾಯಿಲೆಯಿಂದಾಗಿ ಜರ್ಮನಿಗೆ ಹೊರಟವರು ಮತ್ತೆ ಬರಲಿಲ್ಲ. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಕೌಂಡಿನ್ಯ 1846ರಲ್ಲಿ ಬಾಸೆಲ್‌ಗೆ ಹೋಗಿ ಐದು ವರ್ಷ ಓದಿ, 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೇ ಮರಳಿದ. ಬಲ್ಮಠದಲ್ಲಿ ಉಪದೇಶಿಗಳಾಗುವ ಹುಡುಗರಿಗೆ ಪಾಠ ಹೇಳಿದ. ಹೆಂಡತಿ ತನ್ನ ಬಳಿಗೆ ಬರಲೆಂದು ವರ್ಷಗಟ್ಟಲೆ ಕಾದ. ಆಕೆ ಬರಲಿಲ್ಲ. ಕೊನೆಗೆ ಜರ್ಮನ್ ಹೆಣ್ಣುಮಗಳೊಬ್ಬಳನ್ನು ಮದುವೆಯಾದ. ಮನೆಯ ಆಸ್ತಿಯಲ್ಲಿ ತನ್ನ ಪಾಲಿಗೆ ಬಂದ ಹಣದಿಂದ ಕೊಡಗಿನಲ್ಲಿ ಜಮೀನು ಕೊಂಡ. ಒಡೆಯರ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದು, ಕ್ರೈಸ್ತರಾದ ಹೊಲೆಯರ ಕುಟುಂಬಗಳು ಅಲ್ಲಿ ಗುಡಿಸಲು ಕಟ್ಟಿಕೊಂಡವು, ಕಾಫಿ ಗಿಡ ನೆಟ್ಟವು. ಮಂಗಳೂರಿನ ಬ್ರಾಹ್ಮಣ ಮನೆಯೊಂದರ ಹಣ ಹೀಗೆ ಹೊಲೆಯರ ಮಕ್ಕಳ ಕಾಲಡಿಯ ನೆಲವಾಯಿತು. ಆ ಊರಿಗೆ ಆನಂದಪುರ ಎಂದು ಹೆಸರಾಯಿತು. ಕೌಂಡಿನ್ಯ 1893ರವರೆಗೆ ಬದುಕಿದ್ದ.